ತಾಮ್ರದ ಹಂಡೆಯ ನೀರು

ಆ ವರ್ಷ ನನ್ನ ಕೆಲಸವೆಂದರೆ ಜನರ ಬಾಗಿಲಿಗೆ ಹೋಗಿ ನೀರು ಕೇಳುವುದಾಗಿತ್ತು. ಕುಡಿಯಲಿಕ್ಕಲ್ಲ, ಪರೀಕ್ಷೆಗೆ. ಹೀಗೆ ಬರೆದಾಗ ಅದು ಸುಲಭದ ಕೆಲಸದಂತೆ ಕಾಣುತ್ತದೆ. ಆದರೆ ನಮ್ಮಂಥ ಮನೆಯಲ್ಲಿ ಬೆಳೆದವರಿಗೆ ಇನ್ನೊಬ್ಬರ ಅಂಗಳದಲ್ಲಿ ನಿಂತು ನೀರು ಕೇಳುವುದು ಏನೆಂಬುದನ್ನು ಮೊದಲು ಹೇಳಬೇಕು.

ನನ್ನ ಅವ್ವ ಬುಕ್ಕಸಾಗರದ ಗದ್ದೆಗಳಲ್ಲಿ ಭತ್ತದ ಸಸಿ ನೆಡುವ ಕೂಲಿ. ಅವಳು ಹುಡುಗಿಯಾಗಿದ್ದಾಗ, ನೀರಡಿಕೆಯಾಯಿತೆಂದರೆ ಬದುವಿನ ಮೇಲೆ ಬೊಗಸೆಯೊಡ್ಡಿ ಕೂರಬೇಕಿತ್ತು. ಗದ್ದೆಯವರು ತಂಬಿಗೆ ತಾಕದಂತೆ ಮೇಲಿನಿಂದ ಹೊಯ್ಯುತ್ತಿದ್ದರು. ನನ್ನ ಕಾಲಕ್ಕೆ ಹಾಗೆ ಹೊಯ್ಯುವವರು ಕಡಿಮೆಯಾಗಿದ್ದರು. ಅಷ್ಟರಲ್ಲಿ ಅವ್ವ ಮನೆಯಿಂದಲೇ ಬಾಟಲಿ ಒಯ್ಯುವುದನ್ನು ರೂಢಿ ಮಾಡಿಕೊಂಡಿದ್ದಳು. ನಾನು ಶಾಲೆಗೆ ಹೊರಟಾಗ ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಹೆರಳು ಹಾಕಿ, ಮುಖವನ್ನು ಸೆರಗಿನಿಂದ ಮತ್ತೊಮ್ಮೆ ತಿಕ್ಕಿ ಕಳಿಸುತ್ತಿದ್ದಳು. ಕಳಿಸುವಾಗ, "ಕರೀದ ಯಾರ ಹಿತ್ತಲಕ್ಕೂ ಹೋಗಬ್ಯಾಡ. ನೀರಡಿಕಿ ಆದ್ರ ಮನಿಗೆ ಬಾ" ಎನ್ನುತ್ತಿದ್ದಳು. ನಾವು ಬೌದ್ಧರಾದ ಮೇಲೆ ಮನೆಯ ಗೋಡೆಯ ಮೇಲಿದ್ದ ಪಟಗಳು ಬದಲಾದವು. ಅವ್ವನ ಬಾಟಲಿ ಬದಲಾಗಲಿಲ್ಲ.

ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೇ ಮೊದಲು. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಸಂಡೂರಿನ ಒಂದು ಪ್ರಯೋಗಾಲಯದಲ್ಲಿ ಯೋಜನಾ ಸಹಾಯಕಿಯಾಗಿ ಸೇರಿದೆ. ಅದು ತಾತ್ಕಾಲಿಕ ಕೆಲಸ. ಯೋಜನೆ ಮುಗಿದರೆ ಅದೂ ಮುಗಿಯುತ್ತದೆ. ಭಾನುವಾರ ಊರಿಗೆ ಹೋಗಲು ಕಂಪ್ಲಿಯ ಬಸ್ಸು ಸಿಗಲಿ ಎಂದು ಹೊಸಪೇಟೆಯಲ್ಲಿ ಒಂದು ಕೋಣೆ ಹಿಡಿದು, ದಿನವೂ ಅಲ್ಲಿಂದ ಸಂಡೂರಿಗೆ ಹೋಗಿ ಬರುತ್ತಿದ್ದೆ. ಪ್ರಯೋಗಾಲಯದಲ್ಲಿ ಮಾತನಾಡುವ ಮೊದಲು ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ಒಮ್ಮೆ ಹೇಳಿಕೊಳ್ಳುತ್ತಿದ್ದೆ. 'ಐತಿ' ಎಂದು ಬಾಯಿಗೆ ಬಂದದ್ದನ್ನು 'ಇದೆ' ಎಂದು ತಿದ್ದಿಕೊಳ್ಳುವಷ್ಟರಲ್ಲಿ ಉಳಿದವರ ಮಾತು ಬೇರೆ ಕಡೆಗೆ ಹೊರಳಿರುತ್ತಿತ್ತು. ಹಾಗಾಗಿ ನಾನು ಹೆಚ್ಚು ಮಾತನಾಡುವವಳಲ್ಲ ಎಂದು ಎಲ್ಲರೂ ತಿಳಿದರು. ಅದನ್ನು ತಿದ್ದಲು ನನಗೆ ಸರಿಯಾದ ವಾಕ್ಯ ಸಿಗಲಿಲ್ಲ.

ಗಣಿಗಳ ಸುತ್ತಲಿನ ನೀರಿನಲ್ಲಿ ಯಾವ ಯಾವ ಲೋಹಗಳು ಎಷ್ಟಿವೆ, ಅಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಅವನ್ನು ಹೇಗೆ ಸಹಿಸುತ್ತವೆ ಎಂದು ತಿಳಿಯುವುದು ನಮ್ಮ ಯೋಜನೆಯ ಉದ್ದೇಶ. ನೀರಿನಲ್ಲಿ ಲೋಹ ಹೆಚ್ಚಾದರೆ ಬಹುತೇಕ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಕೆಲವು ಮಾತ್ರ ಸಾಯುವುದಿಲ್ಲ. ಒಳನುಗ್ಗಿದ ಲೋಹವನ್ನು ಹೊರಗೆ ದಬ್ಬುವ ಉಪಾಯ ಅವುಗಳ ಮೈಯಲ್ಲಿಯೇ ಇರುತ್ತದೆ. ಇನ್ನು ಕೆಲವು ಲೋಹವನ್ನು ಹೊರಗೋಡೆಗೆ ಅಂಟಿಸಿಕೊಂಡು, ಒಳಗೆ ಬಿಟ್ಟುಕೊಳ್ಳದೆ ಬದುಕುತ್ತವೆ. ಅಂಥವನ್ನು ಹುಡುಕಿ ಬೆಳೆಸಿದರೆ, ಮುಂದೊಂದು ದಿನ ಕೆಟ್ಟ ನೀರಿನಿಂದ ಲೋಹವನ್ನು ತೆಗೆಯಲು ಅವುಗಳನ್ನೇ ದುಡಿಸಬಹುದು ಎಂಬುದು ನಮ್ಮ ಮಾರ್ಗದರ್ಶಕರ ಆಸೆ. ಅವರು ಮೆಲುದನಿಯ ಮನುಷ್ಯರು. ಕೈಕೆಳಗಿನವರನ್ನೂ ಬಹುವಚನದಲ್ಲಿಯೇ ಮಾತನಾಡಿಸುತ್ತಿದ್ದರು. ಮೊದಲ ದಿನ ಅವರು 'ನೀವು' ಎಂದಾಗ ಯಾರನ್ನು ಕರೆದರೆಂದು ನಾನು ಹಿಂತಿರುಗಿ ನೋಡಿದ್ದೆ.

ಸಂಡೂರಿನ ಗುಡ್ಡದ ಹಳ್ಳಗಳು, ಹೊಸಪೇಟೆಯ ಹಿನ್ನೀರಿನ ಅಂಚು, ಹಂಪಿಯ ಬಳಿ ಹೊಳೆ, ಕಂಪ್ಲಿಯ ಕಾಲುವೆ, ಅಲ್ಲಲ್ಲಿ ಕೆಲವು ಮನೆಬಾವಿಗಳು, ಇಷ್ಟು ಕಡೆಯಿಂದ ಮಾದರಿ ತರಬೇಕಿತ್ತು. ಹೆಗಲಿಗೆ ಮಂಜುಗಡ್ಡೆಯ ಡಬ್ಬಿ, ಅದರೊಳಗೆ ಕ್ರಿಮಿಶುದ್ಧ ಮಾಡಿದ ಬಾಟಲಿಗಳು. ಒಮ್ಮೆ ಅದಿರಿನ ಲಾರಿಗಳು ಓಡಾಡುವ ರಸ್ತೆಯ ಪಕ್ಕದ ತಗ್ಗಿನಲ್ಲಿ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಂಡಿತು. ಚಹಾ ಅಂಗಡಿಯವನು, "ಡೀಸೆಲ್ ರಿ ಅದು. ಲಾರಿಯವ್ರು ಚೆಲ್ಲಿ ಹೋಗ್ತಾರ" ಎಂದ. ನಾನು ಕಡ್ಡಿಯಿಂದ ಪೊರೆಯನ್ನು ಚುಚ್ಚಿದೆ. ಎಣ್ಣೆಯಾಗಿದ್ದರೆ ಸರಿದು ಮತ್ತೆ ಕೂಡಿಕೊಳ್ಳಬೇಕು. ಅದು ಹಪ್ಪಳದಂತೆ ಚೂರುಚೂರಾಗಿ ಒಡೆದು, ಚೂರುಗಳು ಬೇರೆಬೇರೆಯಾಗಿ ತೇಲಿದವು. ಕಬ್ಬಿಣದ ನೀರಿನಲ್ಲಿ ಬದುಕುವ ಬ್ಯಾಕ್ಟೀರಿಯಾಗಳ ಕೆಲಸವದು. ಇದನ್ನು ಯಾರಿಗಾದರೂ ಹೇಳಬೇಕೆನ್ನಿಸಿ ಹಿಂತಿರುಗಿದೆ. ಅಂಗಡಿಯವನು ಇನ್ನೊಬ್ಬರಿಗೆ ಚಹಾ ಸೋಸುತ್ತಿದ್ದ.

ಹಂಪಿಯಲ್ಲಿ ಹೊಳೆಯ ಮೆಟ್ಟಿಲಿನ ಮೇಲೆ ಬಗ್ಗಿ ಬಾಟಲಿ ತುಂಬುತ್ತಿದ್ದಾಗ ಯಾತ್ರೆಗೆ ಬಂದ ಹೆಂಗಸೊಬ್ಬಳು ಪಕ್ಕಕ್ಕೆ ಬಂದಳು. ನನ್ನ ಕೈಗವಸನ್ನೂ ಬಾಟಲಿಯನ್ನೂ ನೋಡಿ ಇದೇನೋ ವಿಶೇಷವಾದ ಮಡಿಯ ಪದ್ಧತಿ ಎಂದುಕೊಂಡಿರಬೇಕು. "ನಮಗೂ ಒಂದು ತುಂಬಿ ಕೊಡವ್ವ, ನಿನ್ನ ಕೈಯಿಂದನ. ಊರಿಗೆ ಒಯ್ಯಬೇಕು" ಎಂದು ತನ್ನ ಬಾಟಲಿ ಚಾಚಿದಳು. ತುಂಬಿ ಕೊಟ್ಟೆ. ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ನಾನು ಯಾರೆಂದು ಕೇಳಲಿಲ್ಲ. ಆ ದಿನ ನನ್ನೊಡನೆ ಮಾತನಾಡಿದವಳು ಆಕೆಯೊಬ್ಬಳೇ.

ನಾನು ಹೇಳಹೊರಟಿರುವ ಬಾವಿ ಇದ್ದದ್ದು ಚೋರನೂರಿನ ಕಡೆಯ ಒಂದು ಹಳ್ಳಿಯಲ್ಲಿ. ಗಣಿಯಿಂದ ದೂರವಿರುವ ನೀರೂ ಒಂದಿರಲಿ, ಹೋಲಿಕೆಗೆ ಬೇಕು ಎಂದು ಮಾರ್ಗದರ್ಶಕರು ಆ ಊರನ್ನು ಆರಿಸಿದ್ದರು. ಬಾವಿ ಮನೆಯ ಹಿತ್ತಲಿನಲ್ಲಿತ್ತು. ಮನೆಯಲ್ಲಿ ಒಬ್ಬ ಅಜ್ಜಿ, ಆಕೆಯ ಸೊಸೆ. ಊರಿಗೆ ನಲ್ಲಿ ಬಂದಿದ್ದರೂ ಅವರು ಕುಡಿಯಲು ಬಾವಿಯ ನೀರನ್ನೇ ಬಳಸುತ್ತಿದ್ದರು.

ಮೊದಲ ಸಲ ಹೋದಾಗ, ಬಸ್ಸಿನಲ್ಲಿ ಸಿದ್ಧಪಡಿಸಿಕೊಂಡಿದ್ದ ಮಾತನ್ನು ಹೇಳಿದೆ. "ನಮಸ್ಕಾರ. ನಾವು ಸಂಡೂರಿನ ಪ್ರಯೋಗಾಲಯದಿಂದ ಬಂದಿದ್ದೇವೆ. ತಮ್ಮ ಬಾವಿಯ ನೀರಿನ ಮಾದರಿ ಬೇಕಾಗಿತ್ತು."

ಅಜ್ಜಿ ನನ್ನ ಹಿಂದೆ ಇಣುಕಿ ನೋಡಿದಳು. "ಉಳದೋರು ಎಲ್ಲಿ?"

"ನಾನೊಬ್ಬಳೇ ರಿ."

"ಹಂಗಾರ ಕುಂದ್ರು. ನಾನು ನಾಕು ಮಂದಿಗೆ ಚಾ ಇಡಬೇಕೇನೋ ಅಂತ ಅಂಜಿದ್ದೆ."

ಕಟ್ಟೆಯ ಮೇಲೆ ಕುಳಿತೆ. ಯಾವೂರು ಎಂದು ಕೇಳಿದಳು, ಹೇಳಿದೆ. ಯಾರ ಪೈಕಿ ಎಂದು ಕೇಳಿದಳು. ಆ ಪ್ರಶ್ನೆ ಬಂದೇ ಬರುತ್ತದೆಂದು ಗೊತ್ತಿತ್ತು. "ಬೌದ್ಧರು ರಿ" ಎಂದೆ.

"ಅಂದ್ರ ಹಂಪಿಗೆ ಬಸ್ಸಿನಾಗ ಬರ್ತಾರಲ್ಲ, ತಲಿ ಬೋಳಿಸ್ಕೊಂಡು ಕೆಂಪು ಅರಿವಿ ಸುತ್ಕೊಂಡೋರು, ಅವರಾ?"

"ಅವರಲ್ಲ ರಿ. ನಾವು ಇಲ್ಲಿಯವರೇ."

"ಹೌದ್ ಬಿಡು, ನಿನಗ ಕೂದ್ಲ ಐತಿ" ಎಂದಳು. ಬಾಗಿಲಲ್ಲಿ ನಿಂತಿದ್ದ ಸೊಸೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಅಜ್ಜಿ ಮತ್ತೇನನ್ನೂ ಕೇಳಲಿಲ್ಲ. ಕೈಚಾಚಿ, "ಕೊಡು ಬಾಟ್ಲಿ, ತುಂಬಿ ತರ್ತೀನಿ" ಎಂದಳು.

ಮನೆಬಾವಿಯಿದ್ದ ಕಡೆ ಮನೆಯವರೇ ಸೇದಿ ಕೊಟ್ಟರೆ ಸಾಕು, ಆಗತಾನೇ ಸೇದಿದ್ದಾಗಿರಬೇಕು ಎಂದು ಮಾರ್ಗದರ್ಶಕರು ಹೇಳಿದ್ದರು. ಮುಚ್ಚಳದ ಒಳಮೈಯನ್ನು ಮುಟ್ಟಬಾರದೆಂದು ಅಜ್ಜಿಗೆ ತೋರಿಸಿಕೊಟ್ಟೆ. ಅದರಲ್ಲಿ ಆಕೆ ಒಮ್ಮೆಯೂ ತಪ್ಪಲಿಲ್ಲ. ಆಕೆ ಒಳಗೆ ಹೋದ ಮೇಲೆ ಹಿತ್ತಲಿನಿಂದ ರಾಟೆಯ ಕಿರುಗುಟ್ಟುವ ಸದ್ದು ಕೇಳಿಸಿತು, ಕೊಡ ನೀರಿಗೆ ಬಿದ್ದ ಸದ್ದು, ಮತ್ತೆ ರಾಟೆ. ನೀರು ಸೇದುತ್ತಿದ್ದಾಳೆಂದು ಸಮಾಧಾನವಾಯಿತು. ನನ್ನನ್ನು ಹಿತ್ತಲಿಗೆ ಯಾರೂ ಕರೆಯಲಿಲ್ಲ. ಕರೆಯದೆ ಹೋಗುವವಳು ನಾನಲ್ಲ. ಕರೆಯದಿದ್ದುದಕ್ಕೆ ಕಾರಣ ನಾನು ಹೇಳಿದ ಆ ಒಂದು ಉತ್ತರವೇ ಇರಬಹುದೇ ಎಂದು ಯೋಚಿಸುತ್ತ, ಅಂಗಳದ ಕೋಳಿಗಳನ್ನು ನೋಡುತ್ತ ಕುಳಿತೆ.

ಬಾಟಲಿಯ ಹೊರಮೈಯನ್ನು ಸೆರಗಿನಿಂದ ಒರೆಸಿ ತಂದುಕೊಟ್ಟ ಅಜ್ಜಿ, "ನಮ್ಮ ನೀರು ಪಾಸ್ ಮಾಡಿಸವ್ವ" ಎಂದಳು.

"ಪಾಸಾದ್ರ ನಮ್ಮತ್ತೀಗೆ ಹಾರ ಹಾಕ್ರಿ. ಫೇಲಾದ್ರ ಬೈಸ್ಕೊಳ್ಳಾಕ ನಾನದೀನಿ" ಎಂದು ಸೊಸೆ ಒಳಗಿನಿಂದ ಹೇಳಿದಳು.

ಉಳಿದ ಕಡೆಯ ನೀರನ್ನು ಬ್ಯಾಕ್ಟೀರಿಯಾ ಬೆಳೆಸುವ ಸಾಮಾನ್ಯ ತಟ್ಟೆಗೆ ಹಾಕಿದರೆ ಅವು ದಟ್ಟವಾಗಿ ಬೆಳೆಯುತ್ತಿದ್ದವು. ತಾಮ್ರದ ಲವಣ ಬೆರೆಸಿದ ತಟ್ಟೆಯಲ್ಲಿ ಏನೂ ಬೆಳೆಯುತ್ತಿರಲಿಲ್ಲ. ಈ ಬಾವಿಯ ನೀರು ತಿರುಗುಮುರುಗಾಗಿತ್ತು. ಸಾಮಾನ್ಯ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಗುಂಪುಗೂಡಿ ಬೆಳೆದ ಚುಕ್ಕೆ ಅಲ್ಲೊಂದು ಇಲ್ಲೊಂದು. ತಾಮ್ರದ ತಟ್ಟೆಯಲ್ಲಿಯೂ ಅದೇ ಚುಕ್ಕೆ, ಸಾಸಿವೆಗಿಂತ ಚಿಕ್ಕದು, ತಿಳಿಹಳದಿ, ಅಂಚು ನುಣುಪು. ನೀರಿನಲ್ಲಿ ತಾಮ್ರದ ಅಂಶವೂ ಉಳಿದೆಲ್ಲ ಬಾವಿಗಳಿಗಿಂತ ಹೆಚ್ಚು. ಮಾರ್ಗದರ್ಶಕರು ತಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಈ ಸೀಮೆಯಲ್ಲಿ ಕಬ್ಬಿಣ ಸರಿ, ಮ್ಯಾಂಗನೀಸ್ ಸರಿ. ತಾಮ್ರ ಎಲ್ಲಿಂದ ಬಂತು?" ಎಂದರು.

ಮುಂದಿನ ಶನಿವಾರ ಹೋದಾಗ ವಿಚಾರಿಸಿದೆ. ಹೊಲಗಳಿಗೆ ತಾಮ್ರದ ಅಂಶವಿರುವ ಮೈಲುತುತ್ತ ಸಿಂಪಡಿಸುತ್ತೀರಾ ಎಂದು ಕೇಳಿದರೆ ಸೊಸೆ, "ಮ್ಯಾಲಿಂದ ಮಳಿನ ಬರವಲ್ದು, ಮೈಲುತುತ್ತ ಯಾರು ಹೊಡೀತಾರ್ರಿ" ಎಂದಳು. ಬಾವಿಯೊಳಗೆ ತಾಮ್ರದ ತಂತಿಯ ಮೋಟಾರೂ ಇರಲಿಲ್ಲ. ತಾಮ್ರ ಎಲ್ಲಿಂದ ಬಂತೆಂಬುದು ತಿಳಿಯದೆಯೇ ಉಳಿಯಿತು. ಆದರೆ ಪ್ರತಿ ಶನಿವಾರದ ಮಾದರಿಯಲ್ಲಿಯೂ ಅದೇ ಫಲ, ಅದೇ ಹಳದಿ ಚುಕ್ಕೆ. ಕೊನೆಗೆ ಮಾರ್ಗದರ್ಶಕರು ನನ್ನನ್ನು ಕೂರಿಸಿಕೊಂಡು ಹೇಳಿದರು: "ಇದು ಖಚಿತವಾದರೆ ನಿಮ್ಮ ಪಿಎಚ್.ಡಿ. ನೋಂದಣಿಗೆ ಇದೇ ವಿಷಯ ಸಾಕು. ಯೋಜನೆ ಮುಗಿದ ಮೇಲೂ ನೀವು ಇಲ್ಲಿಯೇ ಇರಬಹುದು. ಇಲ್ಲವಾದರೆ ಈ ಸಲ ನಾನೇನೂ ಮಾಡಲಾರೆ."

ಅಂದಿನಿಂದ ನಾನು ಇಡೀ ಹಗಲು ಕಾಯುತ್ತಿದ್ದದ್ದು ಆ ಚುಕ್ಕೆಗಾಗಿ. ಹಳೆಯ ತಟ್ಟೆಯಿಂದ ಹೊಸ ತಟ್ಟೆಗೆ ದಾಟಿಸುವುದು, ಇನ್‌ಕ್ಯುಬೇಟರಿನ ಶಾಖ ನೋಡುವುದು, ಬೆಳೆಯಿತೇ ಎಂದು ಇಣುಕುವುದು. ಭಾನುವಾರವೂ ಕೆಲವೊಮ್ಮೆ ಊರಿಗೆ ಹೋಗದೆ ಸಂಡೂರಿಗೆ ಹೋಗುತ್ತಿದ್ದೆ. ಕಟ್ಟಡದಲ್ಲಿ ಯಾರೂ ಇರುತ್ತಿರಲಿಲ್ಲ. ಕಿಟಕಿಯ ಚೌಕಟ್ಟಿನ ಮೇಲೆ ಕೆಂಪು ಧೂಳು ಕೂತಿರುತ್ತಿತ್ತು. ಒರೆಸಿದರೆ ಮರುವಾರ ಮತ್ತೆ ಅಷ್ಟೇ. ಇನ್‌ಕ್ಯುಬೇಟರಿನ ಗುಂಯ್‌ಗುಡುವ ಸದ್ದಿನ ಮುಂದೆ ನಿಂತು ನಾನು ತಟ್ಟೆಯೊಡನೆ ಮಾತನಾಡಿದ್ದುಂಟು. ಅಲ್ಲಿ ವಾಕ್ಯವನ್ನು ಮೊದಲೇ ಸಿದ್ಧಪಡಿಸಿಕೊಳ್ಳಬೇಕಾಗಿರಲಿಲ್ಲ. "ಬೆಳದಿಯೇನ್ ಲೇ" ಎಂದರೂ ನಡೆಯುತ್ತಿತ್ತು.

ಹೊಸಪೇಟೆಯ ಕೋಣೆಗೆ ಬಂದ ಮೇಲೆ ಅವ್ವನ ಫೋನು ಬರುತ್ತಿತ್ತು.

"ಹುಳ ಹೆಂಗದಾವ?"

"ಹುಳ ಅಲ್ಲವ್ವ ಅವು."

"ಆತು, ಏನೋ ಒಂದು. ಉಂಡ್ವಾ?"

"ಉಂಡ್ವು."

"ನೀ ಉಂಡ್ಯಾ?"

ಈ ಪ್ರಶ್ನೆಗೆ ಉತ್ತರಿಸಲು ನಾನು ತಡಮಾಡಿದರೆ ಅವ್ವನಿಗೆ ಎಲ್ಲವೂ ತಿಳಿದುಬಿಡುತ್ತಿತ್ತು. ಮಗಳು ತಾಮ್ರ ತಿನ್ನುವ ಹುಳ ಹಿಡಿದಿದ್ದಾಳೆ ಎಂದು ಅವಳು ಗದ್ದೆಯ ಹೆಂಗಸರಿಗೆಲ್ಲ ಹೇಳಿಕೊಂಡಿದ್ದಳು. ತಿನ್ನುವುದಿಲ್ಲ, ಸಹಿಸುತ್ತದೆ ಎಂದು ನಾನು ತಿದ್ದಿದರೂ ಪ್ರಯೋಜನವಿರಲಿಲ್ಲ. "ಹಂಗಾರ ನಮ್ಮ ಗದ್ದಿ ಹುಳನೂ ಹಿಡದು ಒಯ್ಯಾಕ ಹೇಳು ನಿನ್ನ ಮಗಳಿಗೆ" ಎಂದು ಅವರು ಅವಳನ್ನು ಹಂಗಿಸುತ್ತಿದ್ದರಂತೆ. ಅದನ್ನೂ ಅವಳು ಹೆಮ್ಮೆಯಿಂದಲೇ ಹೇಳುತ್ತಿದ್ದಳು.

ಚಳಿ ಶುರುವಾದ ಹೊತ್ತಿಗೆ, ಒಂದು ಶನಿವಾರ, ನಾನು ಆ ಮನೆಗೆ ಹೋದಾಗ ಅಜ್ಜಿ ಪಡಸಾಲೆಯಲ್ಲಿ ಮಲಗಿದ್ದಳು. ಹಿಂದಿನ ರಾತ್ರಿಯಿಂದ ಹೆಗಲು ಹಿಡಿದುಕೊಂಡಿತ್ತು. ಎಣ್ಣೆ ಹಚ್ಚಿ ಬಟ್ಟೆ ಸುತ್ತಿದ್ದರು. ಸೊಸೆ ಹೊಲಕ್ಕೆ ಹೊರಡುವ ಆತುರದಲ್ಲಿ ಬುತ್ತಿ ಕಟ್ಟುತ್ತಿದ್ದಳು. ಇನ್ನೊಂದು ದಿನ ಬರುತ್ತೇನೆಂದೆ.

"ಅಷ್ಟು ದೂರದಿಂದ ಬಂದು ಬರಿಗೈಲಿ ಹೋಗ್ತಿಯಾ? ಹಿತ್ತಲ ಬಾಗ್ಲ ತಗದೈತಿ. ಹೋಗಿ ನೀನ ತುಂಬ್ಕೊ" ಎಂದಳು ಅಜ್ಜಿ.

ಪಡಸಾಲೆ ದಾಟಿ, ಅಡುಗೆಮನೆಯ ಬದಿಯಿಂದ ಹಿತ್ತಲಿಗೆ ಹೋದೆ. ಅಷ್ಟು ತಿಂಗಳು ಸದ್ದಿನಿಂದ ಮಾತ್ರ ಗೊತ್ತಿದ್ದ ಜಾಗವದು. ಬಾವಿ ನಾನು ಎಣಿಸಿದ್ದಕ್ಕಿಂತ ಚಿಕ್ಕದಾಗಿತ್ತು. ಹಗ್ಗ ಹಿಡಿದು ಕೊಡ ಇಳಿಬಿಡಲು ಹೊರಟಾಗ ಒಳಗಿನಿಂದ ಅಜ್ಜಿಯ ದನಿ ಬಂತು.

"ಬಾವೀದು ಬ್ಯಾಡವ್ವ, ಅದು ಕೆಂಪು ರಾಡಿ. ಹಂಡೇದಾಗಿಂದು ತುಂಬ್ಕೊ. ಯಾವಾಗ್ಲೂ ನಿನಗ ಅದನ್ನ ಕೊಡೋದು."

ಬಾವಿಯ ಪಕ್ಕದ ಮಾಡಿನ ಕೆಳಗೆ, ಕಲ್ಲಿನ ಮೇಲೆ, ತಾಮ್ರದ ಹಂಡೆ ಇತ್ತು. ಹಿಂದಿನ ದಿನವಷ್ಟೇ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರಿಂದ ಹೊಸ ಪೈಸೆಯಂತೆ ಹೊಳೆಯುತ್ತಿತ್ತು. ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಅದರ ಮೇಲೆ ಚರಿಗೆ ಬೋರಲು ಹಾಕಿದ್ದರು. ಹಗ್ಗ ನನ್ನ ಕೈಯಲ್ಲೇ ಇತ್ತು. ತಾಮ್ರ ಎಲ್ಲಿಂದ ಬಂತೆಂಬ ಪ್ರಶ್ನೆಗೆ ಉತ್ತರ ಕಣ್ಣೆದುರಿಗೇ ಇತ್ತು.

ಮೆಲ್ಲನೆ ಒಳಗೆ ಬಂದು ಕೇಳಿದೆ. ಆಕೆ ಮುಚ್ಚುಮರೆಯಿಲ್ಲದೆ ಹೇಳಿದಳು. ಪ್ರತಿ ಶುಕ್ರವಾರ ಹಂಡೆ ತಿಕ್ಕುವುದು, ಸೇದಿದ ನೀರನ್ನು ಬಟ್ಟೆಯಲ್ಲಿ ಸೋಸಿ ಹಂಡೆಗೆ ಹೊಯ್ಯುವುದು, ರಾತ್ರಿಯೆಲ್ಲ ತಿಳಿಯಾಗಲು ಬಿಡುವುದು. ಬೆಳಿಗ್ಗೆ ಮೇಲಿನ ತಿಳಿಯನ್ನು ನನ್ನ ಬಾಟಲಿಗೆ ತುಂಬುವುದು. ಹಂಡೆಯ ನೀರು ಕಡಿಮೆಯಾದದ್ದನ್ನು ಹಾಗೆಯೇ ಬಿಡಬಾರದು, ಒಡನೆಯೇ ಒಂದು ಕೊಡ ಸೇದಿ ಹೊಯ್ಯಬೇಕು, ಅದು ಆ ಮನೆಯ ಪದ್ಧತಿ. ನಾನು ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದ ರಾಟೆಯ ಸದ್ದು ಅದು. ನೀರು ನನ್ನ ಬಾಟಲಿಗೆ ಆಗಲೇ ತುಂಬಿ ಆಗಿರುತ್ತಿತ್ತು.

"ಅಜ್ಜೀ, ನನಗ ಬಾವೀದ ಬೇಕ್ರಿ. ಕೆಂಪಗಿದ್ರೂ ಅದ ಬೇಕು" ಎಂದೆ. ಸಿದ್ಧಪಡಿಸಿದ ವಾಕ್ಯವಾಗಿರಲಿಲ್ಲ ಅದು.

ಅಜ್ಜಿ ನೋವಿನಲ್ಲಿಯೂ ಮೊಣಕೈ ಊರಿ ಎದ್ದಳು. "ಆ ರಾಡಿ ಒಯ್ದು ದೊಡ್ಡ ಮಂದಿ ಮುಂದ ಇಡ್ತಿಯಾ? ಯಾರ ಮನೀದಂತ ಕೇಳಲ್ಲೇನು? ಪರೀಕ್ಷಾಕ್ಕ ಹೋಗೋ ಕೂಸಿನ ಮಾರಿ ತೊಳೀದ ಯಾರಾರ ಕಳಿಸ್ತಾರೇನು?"

ಬುತ್ತಿ ಹೊತ್ತು ನಿಂತಿದ್ದ ಸೊಸೆ ನನ್ನ ಕಡೆ ತಿರುಗಿದಳು. "ಏನಕ್ಕ, ಭಾಗ್ಯ ಬಂದ್ರೂ ಬ್ಯಾಡಂತೀರಿ. ಆ ಹಂಡೆ ನನಗೂ ಮುಟ್ಟಗೊಡಲ್ಲ ಆಕಿ. ಮದುವ್ಯಾಗಿ ಬಂದಾಗಿಂದ ಕೇಳಿ ಇಸ್ಕೊಂಡು ಕುಡಿಯೋದ ಆಗೈತಿ."

ನಾನು ಹಿತ್ತಲಿಗೆ ಹೋಗಿ, ಬಾವಿಯಿಂದ ಸೇದಿ, ಬಾಟಲಿ ತುಂಬಿಕೊಂಡು ಬಂದೆ. ನೀರು ಅಜ್ಜಿ ಹೇಳಿದಂತೆಯೇ ಕೆಂಪಗಿತ್ತು. ಆಕೆ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಿದ್ದಳು. ಹೋಗಿ ಬರುತ್ತೇನೆಂದಾಗ "ಹೂಂ" ಎಂದಳಷ್ಟೇ.

ಆ ವಾರದ ತಟ್ಟೆಗಳು ಹೇಗಿರುತ್ತವೆಂದು ನನಗೆ ಗೊತ್ತಿತ್ತು. ಆದರೂ ಬೆಳಗಾದೊಡನೆ ಮೊದಲ ಬಸ್ಸಿಗೆ ಹೋಗಿ ನೋಡುತ್ತಿದ್ದೆ. ಬಾವಿಯ ನೀರು ಬೇರೆಲ್ಲ ಬಾವಿಗಳ ಹಾಗೆಯೇ ಇತ್ತು. ಸಾಮಾನ್ಯ ತಟ್ಟೆ ಬಗೆಬಗೆಯ ಚುಕ್ಕೆಗಳಿಂದ ತುಂಬಿಹೋಗಿತ್ತು. ತಾಮ್ರದ ತಟ್ಟೆ ಖಾಲಿ. ನೀರಿನಲ್ಲಿ ತಾಮ್ರ ಹೆಸರಿಗಷ್ಟೇ. ಹಂಡೆಯಲ್ಲಿ ಒಂದು ರಾತ್ರಿ ಕಳೆಯುವಷ್ಟರಲ್ಲಿ ತಾಮ್ರ ಸ್ವಲ್ಪ ಸ್ವಲ್ಪವಾಗಿ ನೀರಿಗಿಳಿದು ಬಾವಿಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತಿತ್ತು. ಹುಣಸೆಯ ಹುಳಿಯಿಂದ ಶುಕ್ರವಾರ ತಿಕ್ಕಿದ ಹಂಡೆ ಶನಿವಾರ ಇನ್ನಷ್ಟು ತಾಮ್ರ ಬಿಡುತ್ತಿತ್ತು. ನಾನು ಹೋಗುತ್ತಿದ್ದದ್ದು ಶನಿವಾರವೇ. ಅಷ್ಟರ ನಡುವೆ ಬದುಕಿದ್ದು ಆ ಹಳದಿ ಚುಕ್ಕೆಯೊಂದೇ. ಅದು ಹಂಡೆಯಲ್ಲೇ ಬೀಡುಬಿಟ್ಟ ಜೀವಿಯಾಗಿರಬೇಕು.

ಫಲ ಖಚಿತವಾದ ದಿನವೇ ಮಾರ್ಗದರ್ಶಕರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬಯ್ಯಲಿಲ್ಲ. ಬೈದಿದ್ದರೆ ನಾನು ಉತ್ತರಿಸಬಹುದಿತ್ತು.

"ಆ ಬಾವಿಯ ಹಿಂದಿನ ಮಾದರಿಗಳನ್ನೆಲ್ಲ ತೆಗೆದುಬಿಡಬೇಕು" ಎಂದರು. "ನೋಂದಣಿಯ ಮಾತು ಈ ಸಲಕ್ಕೆ ಬೇಡ. ಗಣಿಯ ನೀರಿನ ಕೆಲಸದಲ್ಲಿ ಪಾತ್ರೆಯ ಜೀವಿಗೆ ಸ್ಥಳವಿಲ್ಲ." ಕನ್ನಡಕವನ್ನು ಮತ್ತೆ ಏರಿಸಿಕೊಂಡು, "ಆದರೂ ಹಂಡೆಯ ಒಳಗಿನಿಂದ ಒಮ್ಮೆ ಒರೆಸಿ ತನ್ನಿ. ಅದು ಎಲ್ಲಿಯದೆಂದಾದರೂ ನಮಗೆ ತಿಳಿದಿರಲಿ" ಎಂದರು.

ಅಂದು ಸಂಜೆ ಅವ್ವನ ಫೋನು ಬಂದಾಗ ಹುಳ ಹೇಗಿವೆ ಎಂದು ಕೇಳುವ ಮೊದಲೇ ಎಲ್ಲವನ್ನೂ ಹೇಳಿದೆ. ಯೋಜನೆ ಮಳೆಗಾಲದ ಹೊತ್ತಿಗೆ ಮುಗಿಯುತ್ತದೆ, ಆಮೇಲೆ ಕೆಲಸವಿರುವುದಿಲ್ಲ ಎಂದೆ. ಅವ್ವ ಕೇಳಿದ್ದು ನೋಂದಣಿಯ ವಿಷಯವನ್ನಲ್ಲ.

"ಆ ಮುದುಕಿ ನಿನಗ ಹಂಡೆದಾಗಿಂದು ತುಂಬ್ಕೊ ಅಂದ್ಳಾ? ನೀನ ತುಂಬ್ಕೊ ಅಂತ?"

"ಹೂಂ."

"ನಮ್ಮ ಮಂದಿ ಅಂತ ಆಕಿಗೆ ಗೊತ್ತೈತಾ?"

"ಬೌದ್ಧರು ಅಂತ ಹೇಳಿದ್ದೆ ಅವ್ವ. ಏನು ತಿಳ್ಕೊಂಡಾಳೋ ಗೊತ್ತಿಲ್ಲ."

"ಮುಟ್ಟಿದ್ಯಾ?"

"ಇಲ್ಲ. ನನಗ ಬಾವಿ ನೀರು ಬೇಕಿತ್ತಲ್ಲ."

ಆ ಕಡೆಯಿಂದ ಯಾರದೋ ಮನೆಯ ಟಿ.ವಿ. ಸದ್ದು ಕೇಳುತ್ತಿತ್ತು. "ಮುಟ್ಟಬೇಕಿತ್ತು" ಎಂದಳು ಅವ್ವ. ಫೋನು ಇಟ್ಟುಬಿಟ್ಟಳು.

ಮತ್ತೆ ಹೋಗುವಾಗ ನನಗೆ ಹೆದರಿಕೆಯಿತ್ತು. ಅಜ್ಜಿ ಮಾತನಾಡಿಸದಿದ್ದರೆ ಏನು ಹೇಳಬೇಕೆಂದು ಬಸ್ಸಿನಲ್ಲಿ ಹಲವು ವಾಕ್ಯಗಳನ್ನು ಕಟ್ಟಿ, ಎಲ್ಲವನ್ನೂ ಕೈಬಿಟ್ಟೆ. ಆಕೆಯ ಹೆಗಲು ಸ್ವಲ್ಪ ವಾಸಿಯಾಗಿತ್ತು. ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು.

"ಬಂದ್ಯಾ? ಇವತ್ತು ಯಾವ ರಾಡಿ ಬೇಕು?"

"ಇವತ್ತು ಹಂಡೇದ ಬೇಕ್ರಿ ಅಜ್ಜಿ. ನೀರಲ್ಲ, ಒಳಗ ಒಂದೀಟು ಒರಸ್ಕೊಬೇಕು."

"ಮೊನ್ನಿ ತುಂಬ್ಕೊ ಅಂದ್ರ ಬ್ಯಾಡಂದಿ. ಇವತ್ತು ಒಳಗ ಕೈ ಹಾಕ್ತೀನಂತಿ. ಓದಿದೋರ ಬುದ್ಧಿ ಹಿಂಗನ ಇರ್ತೈತೇನು?" ಎಂದಳು. ಅವರೆಕಾಯಿಯ ಮೊರವನ್ನು ಪಕ್ಕಕ್ಕಿಟ್ಟು ಎದ್ದಳು. "ಬಾ."

ಬಟ್ಟೆ ಬಿಚ್ಚಿದವಳು ಆಕೆಯೇ. ನಾನು ಕೈಗವಸು ತೊಡಲು ಹೋದಾಗ, "ಅದ್ಯಾಕ? ನಿನ್ನ ಕೈ ತೊಳದೈತಲ್ಲ" ಎಂದಳು. ಕೈಗವಸು ತೊಡಬೇಕಾದದ್ದು ಹಂಡೆಯ ಸಲುವಾಗಿಯಲ್ಲ, ನನ್ನ ಮಾದರಿಯ ಸಲುವಾಗಿ. ಬಲಗೈಗೆ ಕೈಗವಸು ತೊಟ್ಟು, ಹತ್ತಿಯ ಕಡ್ಡಿ ಹಿಡಿದೆ. ಎಡಗೈಯನ್ನು ಹಾಗೆಯೇ ಬರಿದಾಗಿ ಹಂಡೆಯ ಕಂಠಕ್ಕೆ ಊರಿ, ಒಳಗೆ ಬಗ್ಗಿದೆ. ಹೊರಗೆ ಅಷ್ಟು ಹೊಳೆಯುವ ಹಂಡೆಯ ಒಳಗೆ, ಕಂಠದ ಮಡಿಕೆಯ ಕೆಳಗೆ, ಹುಣಸೆಹಣ್ಣು ಹಿಡಿದ ಬೆರಳು ತಲುಪದ ಕಡೆ, ಹಸಿರು ಕಿಲುಬಿನ ತೆಳುವಾದ ಗೆರೆಯಿತ್ತು. ಮುಟ್ಟಿದರೆ ಸ್ವಲ್ಪ ಜಾರುತ್ತಿತ್ತು. ಅಲ್ಲಿಂದಲೇ ಒರೆಸಿಕೊಂಡೆ.

"ನಮ್ಮ ನೀರು ಪಾಸಾತೋ ಇಲ್ಲೋ, ಇವತ್ತಾರ ಹೇಳು" ಎಂದಳು ಅಜ್ಜಿ.

ತಿಳಿದಿದ್ದನ್ನು ತಿಳಿದಷ್ಟೇ ಹೇಳಿದೆ. ಬಾವಿಯಿಂದ ಸೇದಿದ ನೀರನ್ನು ಹಾಗೆಯೇ ಕುಡಿಯಬಾರದು. ಹಂಡೆಯಲ್ಲಿಟ್ಟ ನೀರಿನಲ್ಲಿ ಕ್ರಿಮಿ ಕಡಿಮೆ. ಆದರೂ ಕುದಿಸಿ ಕುಡಿಯುವುದು ಒಳ್ಳೆಯದು. ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆ ಚೆನ್ನಾಗಿ ಜಾಲಾಡಿಸಿ, ಮೊದಲ ಸಲ ತುಂಬಿದ ನೀರನ್ನು ಗಿಡಗಳಿಗೆ ಹೊಯ್ಯಬೇಕು. ಕಂಠದ ಕೆಳಗೂ ತಿಕ್ಕಬೇಕು.

"ಕಂಠದ ಕೆಳಗ ತಿಕ್ಕಿಲ್ಲಂತಾಳ ನೋಡು ನ್ಯಾಯ" ಎಂದು ಆಕೆ ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ, "ಹಂಗಾರ ನೀರು ಪಾಸಾತು. ನೀ ಪಾಸಾದ್ಯಾ?" ಎಂದಳು.

"ಇನ್ನೊಮ್ಮೆ ಕುಂದ್ರಬೇಕ್ರಿ ಅಜ್ಜಿ."

"ಕುಂದ್ರು. ಅದಕ್ಕೇನಾತು" ಎಂದಳು. ಚರಿಗೆಯಲ್ಲಿ ಹಂಡೆಯ ನೀರು ಮೊಗೆದು ನನ್ನ ಕೈಗಿತ್ತಳು. ಹಿಂದಿನ ದಿನವಷ್ಟೇ ತಿಕ್ಕಿದ ಹಂಡೆಯ ನೀರದು. ನಾನು ಹೇಳಿದ್ದನ್ನು ಆಕೆ ಆಗಲೇ ಮರೆತಿದ್ದಳೋ, ಬೇಕೆಂದೇ ಬದಿಗೊತ್ತಿದಳೋ ತಿಳಿಯದು. ಕುಡಿದೆ. ನಾಲಗೆಯ ಮೇಲೆ ಲೋಹದ ಒಗರು ನಿಂತಿತು. ನನ್ನನ್ನು ಯಾರೆಂದು ತಿಳಿದು ಕೊಟ್ಟಳೋ, ತಿಳಿಯದೆ ಕೊಟ್ಟಳೋ, ಇಂದಿಗೂ ನನಗೆ ಗೊತ್ತಿಲ್ಲ. ಮತ್ತೊಮ್ಮೆ ಬಿಡಿಸಿ ಹೇಳಿ ನೋಡಬಹುದಿತ್ತು. ಹೇಳಲಿಲ್ಲ.

ಒರೆಸಿ ತಂದದ್ದರಿಂದ ಅದೇ ಹಳದಿ ಚುಕ್ಕೆ ಬೆಳೆಯಿತು. ಆ ಜೀವಿಯ ಮನೆ ಯಾವುದೆಂಬುದು ಖಚಿತವಾಯಿತು. ಅದನ್ನು ಒಂದು ಕೊಳವೆಯಲ್ಲಿ ಬೆಳೆಸಿ, ಬಾವಿಯ ಗುರುತನ್ನು ಕಿತ್ತುಹಾಕಿ, ಬೇರೊಂದು ಚೀಟಿ ಅಂಟಿಸಿ ತಂಪು ಪೆಟ್ಟಿಗೆಯ ಹಿಂಬದಿಗೆ ಇಟ್ಟೆ. ಅದನ್ನು ಯಾರೂ ಕೇಳುವುದಿಲ್ಲ. ಮತ್ತೆ ಸಂಡೂರಿನ ಹಳ್ಳಗಳ ನೀರಿನಿಂದ ಮೊದಲಿನಿಂದ ಶುರುಮಾಡಿದೆ. ಯೋಜನೆ ಮುಗಿಯುವುದರೊಳಗೆ ಅದರಲ್ಲಿ ಏನಾದರೂ ಸಿಗುತ್ತದೆಂಬ ಭರವಸೆ ಯಾರಿಗೂ ಇರಲಿಲ್ಲ, ನನಗೂ.

ಹಂಡೆ ಒರೆಸಿ ತಂದ ಆ ಶನಿವಾರ, ಮಾದರಿಯನ್ನು ಸಂಡೂರಿನಲ್ಲಿ ಇಳಿಸಿ ಹೊಸಪೇಟೆಯ ಬಸ್ಸು ಹತ್ತಿದಾಗ, ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದೆ. ಪ್ರಯೋಗಾಲಯದಲ್ಲಿ ಅಭ್ಯಾಸಬಲದಿಂದ ತೊಳೆಯಹೊರಟು, ನಲ್ಲಿಯ ಮುಂದೆ ನಿಂತು ಹಿಂತಿರುಗಿದ್ದೆ. ಅಂಗೈಯಲ್ಲಿ ತಾಮ್ರದ ವಾಸನೆಯಿತ್ತು. ಕಿಟಕಿಯಾಚೆ ಲಾರಿಗಳ ಸಾಲು ನಿಂತೇ ಇತ್ತು, ಬಸ್ಸು ಅದರ ಪಕ್ಕದಲ್ಲಿ ನಿಧಾನವಾಗಿ ಸಾಗಿತು. ಕೋಣೆಗೆ ಬಂದು ನಾನೇ ಅವ್ವನಿಗೆ ಫೋನು ಮಾಡಿದೆ. ಅವಳು 'ಹಲೋ' ಎನ್ನುವ ಮೊದಲೇ ಹೇಳಿದೆ.

"ಮುಟ್ಟಿದೆ ಅವ್ವ."

ಅವ್ವ ಸಣ್ಣ ದನಿಯಲ್ಲಿ, "ತಣ್ಣಗಿತ್ತಾ?" ಎಂದಳು.

"ತಣ್ಣಗಿತ್ತು" ಎಂದೆ.